ಕಾಲೇಜು ವಿದ್ಯಾರ್ಥಿಗಳ ಸ್ವಯಂಸೇವಾ ಸಂಘಗಳು: ಅವುಗಳ ಉದಯವೂ ಪೂರ್ವಚರಿತ್ರೆಯೂ

ಕ್ರಿ. ಶ. 1969ನೆಯ ಸೆಪ್ಟೆಂಬರ್ 24ರಂದು ಭಾರತ ಸರ್ಕಾರದ ಶಿಕ್ಷಣ ಸಚಿವರಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ ಏಕಕಾಲದಲ್ಲಿ ಆರಂಭಿಸಿದರು. ಮೊದಲ ವರ್ಷ ಅದರಲ್ಲಿ ಸೇರಿದ ವಿದ್ಯಾರ್ಥಿಗಳು ಸುಮಾರು 40,000 ಮಂದಿ. ರಾವ್ ಅವರು ಆಗ ಮೈಸೂರು ರಾಜ್ಯದ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದಿದ್ದವರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ. ಆ ವರ್ಷ ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ವರ್ಷವಾಗಿದ್ದುದರಿಂದ ಯೋಜನೆಯ ಆರಂಭಕ್ಕೆ ಉತ್ಸವದ ಕಳೆಯೂ ಬಂದಿತ್ತು. ಇಂದು ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಸೇವಾಸಂಘವನ್ನು ಕಟ್ಟಬೇಕೆಂದು ಹೊರಡುವವರು ಬಹುಮಟ್ಟಿಗೆ ಈ ಯೋಜನೆಯ ಘಟಕವೊಂದನ್ನೇ ತೆರೆಯುತ್ತಾರೆ. ಅಥವಾ ಅದರ ಮಾದರಿಯನ್ನು ಹಿಡಿದು ಬೇರೊಂದು ಹೆಸರಿನಿಂದ ನಡೆಯುತ್ತಾರೆ.

ಆದರೆ 1969 ಈ ಚರಿತ್ರೆಯ ಮೊದಲಲ್ಲ. ವಿದ್ಯಾರ್ಥಿಯು ಸಮಾಜಕ್ಕೆ ಸೇವೆ ಸಲ್ಲಿಸಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವು ಅಪೂರ್ವ. ಅವನು ತಾನಾಗಿ ಸಲ್ಲಿಸಬೇಕೋ ಅವನಿಂದ ಕಡ್ಡಾಯವಾಗಿ ಸಲ್ಲಿಸಿಕೊಳ್ಳಬೇಕೋ ಎಂಬುದೇ ವಿವಾದದ ಮೂಲ. ಸ್ವಾತಂತ್ರ್ಯಾನಂತರದ ಇಪ್ಪತ್ತು ವರ್ಷಗಳಲ್ಲಿ ಕಡ್ಡಾಯದ ಪಕ್ಷವು ಮೇಲಿಂದ ಮೇಲೆ ಮುಂದಿಡಲ್ಪಟ್ಟು, ಮೇಲಿಂದ ಮೇಲೆ ಹಿಂದೆ ಸರಿಯಿತು. ಇದರ ಕಾರಣವನ್ನು ಹಣದ ಅಭಾವದಲ್ಲಿ ಮಾತ್ರ ಹುಡುಕಿದರೆ ಸಾಲದು.

ಮೊದಲು ಶಬ್ದವಿಚಾರ. ಈಗ ಪೂಜ್ಯವಾಗಿರುವ ‘ಸೇವೆ’ ಎಂಬ ಶಬ್ದಕ್ಕೆ ಧರ್ಮಶಾಸ್ತ್ರದಲ್ಲಿ ಅಷ್ಟು ಗೌರವವಿರಲಿಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ದ್ವಿಜನ ಜೀವನೋಪಾಯಗಳನ್ನು ಎಣಿಸುವಾಗ ಸೇವೆಯನ್ನು ನಾಯಿಯ ಬಾಳಿಗೆ ಹೋಲಿಸಿ ಬಿಡತಕ್ಕದ್ದೆನ್ನುತ್ತದೆ. ಅಲ್ಲಿ ಸೇವೆಯೆಂದರೆ ಕೂಲಿಗಾಗಿ ಪರರನ್ನು ಆಶ್ರಯಿಸಿರುವುದು. ಇದಕ್ಕಿಂತ ಕೆಳಗಿನದು ‘ವಿಷ್ಟಿ’. ಅರಸನೋ ಅಧಿಕಾರಿಯೋ ಬಲಾತ್ಕಾರದಿಂದ ಮಾಡಿಸಿಕೊಳ್ಳುವ ದುಡಿಮೆ. ಅರ್ಥಶಾಸ್ತ್ರದಲ್ಲಿ ಇದರ ಪ್ರಸಕ್ತಿಯಿದೆ. ಸುಮಾರು ಕ್ರಿ. ಶ. 150ರಲ್ಲಿ ಗಿರಿನಗರದ ಬಂಡೆಯ ಮೇಲೆ ಕೊರೆಸಲ್ಪಟ್ಟ ರುದ್ರದಾಮನ ಶಾಸನವು, ಒಡೆದುಹೋದ ಸುದರ್ಶನವೆಂಬ ಕೆರೆಯನ್ನು ಆ ದೊರೆಯು ಪ್ರಜೆಗಳನ್ನು ಕರದಿಂದಾಗಲಿ ವಿಷ್ಟಿಯಿಂದಾಗಲಿ ಪೀಡಿಸದೆ ತನ್ನ ಬೊಕ್ಕಸದ ಹಣದಿಂದಲೇ ಕಟ್ಟಿಸಿದನೆಂದು ಹೊಗಳುತ್ತದೆ. ಹೊಗಳಿಕೆಗೆ ಅರ್ಹವಾಗಬೇಕಾದರೆ ವಿಷ್ಟಿಯಿಲ್ಲದೆ ಕೆರೆ ಕಟ್ಟಿಸುವ ದೊರೆಗಳು ವಿರಳವಾಗಿದ್ದಿರಬೇಕು. ಈ ವಿಷ್ಟಿಯೇ ಕನ್ನಡದಲ್ಲಿ ತದ್ಭವವಾಗಿ ‘ಬಿಟ್ಟಿ’ ಆಯಿತು. ಶಾಸನಗಳಲ್ಲಿ ಬಿಟ್ಟಿಯಿಂದ ವಿನಾಯಿತಿ ಕೊಟ್ಟ ಉಲ್ಲೇಖಗಳಿವೆ. ‘ಬಿಟ್ಟಿಬೇಗಾರಿ’ ಎಂಬ ಜೋಡುನುಡಿಯನ್ನು ನಾಡಿನ ರೈತರು ಬಹುಕಾಲ ಮರೆಯಲಿಲ್ಲ. ಈಗ ಆ ಶಬ್ದವು ಬೆಲೆಯಿಲ್ಲದೆ ದೊರೆಯುವ ವಸ್ತುವಿಗೆ ಸಲ್ಲುತ್ತಿದೆ. ದುಡಿದವನ ದುಃಖವು ಮರೆತುಹೋಗಿ ದುಡಿಸಿಕೊಂಡವನ ಲಾಭವೊಂದೇ ಅರ್ಥದಲ್ಲಿ ಉಳಿದಿರುವುದು ಗಮನಿಸತಕ್ಕ ಸಂಗತಿ.

ವಿದ್ಯಾರ್ಥಿಯ ಪಾಲಿಗೆ ಶಾಸ್ತ್ರವು ಇಟ್ಟ ಶಬ್ದವು ಇವೆರಡೂ ಅಲ್ಲ, ಅದು ‘ಶುಶ್ರೂಷೆ’. ಶ್ರು ಧಾತುವಿಗೆ ಇಚ್ಛಾರ್ಥದಲ್ಲಿ ಸನ್ ಪ್ರತ್ಯಯವು ಬಂದು ಹುಟ್ಟಿದ ಈ ರೂಪಕ್ಕೆ ಕೇಳಬೇಕೆಂಬ ಇಚ್ಛೆಯೆಂಬುದೇ ಮೂಲಾರ್ಥ. ಕೇಳಲು ಬಯಸುವವನು ಗುರುವಿನ ಬಳಿ ನಿಂತು ಸಮಿತ್ತನ್ನು ತಂದು, ಹಸುಗಳನ್ನು ಕಾಯ್ದು, ಭಿಕ್ಷವನ್ನೆತ್ತಿ ತಂದು ಒಪ್ಪಿಸುತ್ತಿದ್ದುದರಿಂದ ಪರಿಚರ್ಯೆಯೆಂಬ ಅರ್ಥವು ಅದಕ್ಕೆ ಹತ್ತಿತು. ಕನ್ನಡದಲ್ಲಿ ರೋಗಿಯ ಆರೈಕೆಯೆಂಬಲ್ಲಿಗೆ ಇಳಿಯಿತು. ಇಚ್ಛೆಯು ಶಬ್ದದ ಒಡಲಿನಲ್ಲಿಯೇ ಇರುವುದರಿಂದ ಇಚ್ಛೆಯಿಲ್ಲದ ಶುಶ್ರೂಷೆಯೆಂಬುದು ವ್ಯಾಕರಣದೃಷ್ಟಿಯಿಂದಲೇ ವಿರುದ್ಧೋಕ್ತಿಯಾಗುತ್ತದೆ. ಆದರೆ ಗುರುಕುಲದ ಶುಶ್ರೂಷೆಗೆ ಗುರುವಿನ ಮನೆಯೇ ಎಲ್ಲೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು ಶ್ರದ್ಧೆಯಿಂದಲೂ ಲಜ್ಜೆಯಿಂದಲೂ ಕೊಡಬೇಕೆಂದು ಹೇಳುವುದು ವೇದಾಧ್ಯಯನವನ್ನು ಮುಗಿಸಿದ ಶಿಷ್ಯನಿಗೆ. ಎಂದರೆ ಊರಿಗೆ ಸಲ್ಲಬೇಕಾದ ಋಣವು ಓದು ಮುಗಿದ ಮೇಲಿನ ಮಾತು. ಓದುತ್ತಿರುವಾಗಲೇ ಗುರುವಿನ ಮನೆಯ ಹೊಸ್ತಿಲನ್ನು ದಾಟಿ ಅಪರಿಚಿತರ ಕೇರಿಗೆ ಹೋಗಿ ದುಡಿಯುವ ವಿದ್ಯಾರ್ಥಿಯು ಹಳೆಯ ಗ್ರಂಥಗಳಲ್ಲಿ ಕಾಣುವವನಲ್ಲ. ಅವನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದವನು.

ಅವನು ಹುಟ್ಟಿದ ಸ್ಥಳಗಳಲ್ಲಿ ಕಲ್ಕತ್ತೆಯು ಮುಖ್ಯವಾದುದು. ಸ್ವಾಮಿ ವಿವೇಕಾನಂದರು 1897ರಲ್ಲಿ ರಾಮಕೃಷ್ಣ ಮಿಷನ್ನನ್ನು ಸ್ಥಾಪಿಸಿದ್ದರು. 1899ರ ವಸಂತದಲ್ಲಿ ಆ ನಗರದಲ್ಲಿ ಪ್ಲೇಗು ಕಾಣಿಸಿಕೊಂಡಾಗ ಮಿಷನ್ನಿನ ಕಡೆಯಿಂದ ಸೋದರಿ ನಿವೇದಿತೆಯವರು ಕಾರ್ಯದರ್ಶಿಯಾಗಿಯೂ ಸ್ವಾಮಿ ಸದಾನಂದರು ಮೇಲ್ವಿಚಾರಕರಾಗಿಯೂ ನಿಂತು ಬಡವರ ಬಸ್ತಿಗಳನ್ನು ಶುಚಿಗೊಳಿಸುವ ಕೆಲಸವನ್ನು ಕೈಗೊಂಡರು. ಗುಡಿಸುವವರು ಕೂಲಿಯಾಳುಗಳು, ಓದಿದ ಮನೆತನದ ಯುವಕರು ಅದನ್ನು ನೋಡುತ್ತ ನಿಂತವರು. ಒಂದು ದಿನ ನಿವೇದಿತೆಯವರು ತಾವೇ ಪೊರಕೆಯನ್ನು ಹಿಡಿದು ಬಾಗ್‌ಬಜಾರಿನ ಓಣಿಯನ್ನು ಗುಡಿಸತೊಡಗಲು, ನೋಡುತ್ತಿದ್ದ ಯುವಕರು ನಾಚಿ ಬಂದು ಪೊರಕೆಗೆ ಕೈ ನೀಡಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಅದೇ ಏಪ್ರಿಲ್ ತಿಂಗಳಿನಲ್ಲಿ ನಗರದ ಕ್ಲಾಸಿಕ್ ನಾಟಕಶಾಲೆಯಲ್ಲಿ ಒಂದು ಸಭೆ ನೆರೆಯಿತು. ಅಧ್ಯಕ್ಷರು ವಿವೇಕಾನಂದರು, ನಿವೇದಿತೆಯವರು ಮಾತನಾಡಿದ ವಿಷಯ ಪ್ಲೇಗು ಮತ್ತು ವಿದ್ಯಾರ್ಥಿಗಳ ಕರ್ತವ್ಯ. ಸಭೆಯ ಕೊನೆಗೆ ಹೆಸರು ಕೊಟ್ಟ ವಿದ್ಯಾರ್ಥಿಗಳು ಹದಿನೈದು ಮಂದಿ.

ಹದಿನೈದೆಂಬ ಸಂಖ್ಯೆಯು ಸಣ್ಣದೆಂದು ಕಡೆಗಣಿಸಬಾರದು. ಮುಂದೆ ಲಕ್ಷಗಳಲ್ಲಿ ಬೆಳೆದ ಸಂಘಗಳಲ್ಲಿರುವ ಅಂಗಗಳೆಲ್ಲ ಈ ಹದಿನೈದು ಮಂದಿಯ ದಳದಲ್ಲಿ ಬೀಜರೂಪವಾಗಿ ಇವೆ: ತಾವಾಗಿ ಕೊಟ್ಟ ಹೆಸರು, ಎದುರಿಗೆ ನಿಂತ ಪ್ರತ್ಯಕ್ಷವಾದ ಒಂದು ಕಷ್ಟ, ಗೊತ್ತಾದ ಒಂದು ಪ್ರದೇಶ, ತಾನೂ ಕೈ ಕೊಳೆಮಾಡಿಕೊಂಡ ಒಬ್ಬ ಗುರು. ಇವುಗಳಲ್ಲಿ ಕೊನೆಯದು ಪ್ರಧಾನವಾದುದು. ಓದಿದ ಕುಲೀನನ ಮಗನು ಪೊರಕೆಯನ್ನು ಮುಟ್ಟಿದ್ದು ಆ ಕಾಲದ ಸಮಾಜದಲ್ಲಿ ರಾಜಕೀಯ ಭಾಷಣಕ್ಕಿಂತ ಹೆಚ್ಚಿನ ಧೈರ್ಯವನ್ನು ಬೇಡುವ ಕಾರ್ಯವಾಗಿತ್ತು.

ಇದೇ ಪ್ರಶ್ನೆಯು ಹದಿನಾರು ವರ್ಷಗಳ ತರುವಾಯ ಹರಿದ್ವಾರದಲ್ಲಿ ಮತ್ತೊಮ್ಮೆ ತಲೆದೋರಿತು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ್ದರಷ್ಟೆ. 1915ರ ಕುಂಭಮೇಳಕ್ಕೆ ಆ ಸಮಾಜವು ದೊಡ್ಡದೊಂದು ಸ್ವಯಂಸೇವಕ ದಳವನ್ನು ಕಳುಹಿಸಿತು. ಅದರ ನಾಯಕರು ಪಂಡಿತ ಹೃದಯನಾಥ ಕುಂಜ್ರೂ, ವೈದ್ಯಾಧಿಕಾರಿ ಡಾ. ದೇವ್. ಆಫ್ರಿಕೆಯಿಂದ ಆಗತಾನೆ ಮರಳಿದ್ದ ಗಾಂಧಿಯವರು ತಮ್ಮ ಫೀನಿಕ್ಸ್ ಆಶ್ರಮದ ಹುಡುಗರನ್ನು ಇವರ ಸಹಾಯಕ್ಕೆ ಒಪ್ಪಿಸಿದರು. ಲಕ್ಷಾಂತರ ಯಾತ್ರಿಕರು ನೆರೆದಲ್ಲಿ ಮಲವಿಸರ್ಜನೆಗಾಗಿ ಗುಂಡಿಗಳನ್ನು ತೋಡಿದ್ದರು. ಅವುಗಳನ್ನು ನೋಡಿಕೊಳ್ಳಲು ಡಾ. ದೇವ್ ಅವರು ಕೂಲಿಯ ಜಾಡಮಾಲಿಗಳನ್ನೇ ನಂಬಬೇಕಾಗಿತ್ತು. ಮಲವನ್ನು ಮಣ್ಣಿನಿಂದ ಮುಚ್ಚುವ ಕೆಲಸವನ್ನು ಫೀನಿಕ್ಸಿನವರು ಮಾಡುವರೆಂದು ಗಾಂಧಿಯವರು ಮುಂದಾಗಿ ಹೇಳಿದರು, ಡಾ. ದೇವ್ ಸಂತೋಷದಿಂದ ಒಪ್ಪಿದರು. ನಡೆಸುವ ಭಾರವು ಮಗನಲಾಲ ಗಾಂಧಿಯವರ ಮೇಲೆ ಬಿತ್ತು. ತಮ್ಮ ಕಾಲವು ಡೇರೆಯಲ್ಲಿ ಕುಳಿತು ಬಂದವರಿಗೆ ದರ್ಶನ ಕೊಡುವುದರಲ್ಲಿಯೇ ಕಳೆಯಿತೆಂದು ಗಾಂಧಿಯವರು ಆತ್ಮಕಥೆಯಲ್ಲಿ ಸಂಕೋಚದಿಂದ ಹೇಳಿಕೊಂಡಿದ್ದಾರೆ. ಫೀನಿಕ್ಸಿನ ಹುಡುಗರು ಕಾಲೇಜಿನವರಲ್ಲ, ಆಶ್ರಮದವರು. ಆದರೂ ಆ ಮೇಳದಲ್ಲಿ ಯಾರು ಯಾವ ಕೆಲಸವನ್ನು ಮಾಡಬಹುದೆಂಬ ಎಣಿಕೆಯನ್ನು ಕೆಡಿಸಿದವರು ಅವರೇ. ಇಲ್ಲಿ ಬರುವ ಕುಂಜ್ರೂ ಅವರ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಅತ್ತ ಕಾಲೇಜುಗಳ ಒಳಗೆ ಬೇರೊಂದು ಪ್ರವಾಹವು ಹರಿಯುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಸರ್ಕಾರವು ವಿಶ್ವವಿದ್ಯಾನಿಲಯಗಳಲ್ಲಿ ಸೈನಿಕ ದಳಗಳನ್ನು ತೆರೆಯಿತು. 1920ರ ತರುವಾಯ ಅವು ವಿಶ್ವವಿದ್ಯಾನಿಲಯ ತರಬೇತಿ ದಳಗಳೆನಿಸಿಕೊಂಡುವು. ಸಮವಸ್ತ್ರ, ಸಾಲು, ಆಜ್ಞೆ, ಕವಾಯತು ಇವು ಈ ಪ್ರವಾಹದ ಲಕ್ಷಣಗಳು. ಈ ಲಕ್ಷಣಗಳನ್ನು ರಾಷ್ಟ್ರೀಯ ಪಕ್ಷದವರೂ ಬಿಡಲಿಲ್ಲವೆಂಬುದಕ್ಕೆ ಕರ್ನಾಟಕದಲ್ಲಿಯೇ ದೃಷ್ಟಾಂತವಿದೆ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಲ್ಕತ್ತೆಯಲ್ಲಿ ವೈದ್ಯವನ್ನು ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿ ಬಂದವರು. 1923ರ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಸೆರೆಸಿಕ್ಕಿದವರಲ್ಲಿ ಹಲವರು ಕಷ್ಟವನ್ನು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡದವರು ಬರೆದುಕೊಡಲಿಲ್ಲ. ಶಿಕ್ಷಣವಿಲ್ಲದ ಉತ್ಸಾಹವು ಸೆರೆಮನೆಯಲ್ಲಿ ಕರಗಿಹೋಗುತ್ತದೆಂಬುದನ್ನು ಕಂಡ ಹರ್ಡೀಕರರು ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳಕ್ಕೆ ಅಸ್ತಿಭಾರವನ್ನು ಹಾಕಿದರು. ಅದರ ಪ್ರಥಮ ಅಧ್ಯಕ್ಷರು ಜವಾಹರಲಾಲ ನೆಹರು. ಶಿಸ್ತಿನ ದಳವೊಂದು ಬೆಳೆದರೆ ಅಹಿಂಸೆಯ ತತ್ತ್ವಕ್ಕೂ ನಾಯಕರ ಅಧಿಕಾರಕ್ಕೂ ಕುಂದು ಬರಬಹುದೆಂದು ಕಾಂಗ್ರೆಸ್ಸಿನ ಒಳಗೇ ಅಳುಕಿದವರಿದ್ದರು. ಮರುವರ್ಷ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನದಲ್ಲಿ ಸ್ವಯಂಸೇವಕರ ವ್ಯವಸ್ಥೆಯು ಹರ್ಡೀಕರರ ಪಾಲಿಗೆ ಬಂದಿತು.

ಹೀಗೆ ಎರಡು ಧಾರೆಗಳು. ಒಂದು ಪೊರಕೆಯದು, ಇನ್ನೊಂದು ಕವಾಯತಿನದು. ಮೊದಲನೆಯದಕ್ಕೆ ಇಚ್ಛೆಯೇ ಪ್ರಾಣ. ಎರಡನೆಯದು ಆಜ್ಞೆಯನ್ನು ಸಹಿಸುತ್ತದೆ, ಕಡ್ಡಾಯವನ್ನೂ ಸಹಿಸುತ್ತದೆ. ಎರಡೂ ಒಬ್ಬರ ಜೀವಿತದಲ್ಲಿಯೇ ಕೂಡಿದ್ದು ಈ ಚರಿತ್ರೆಯ ವಿಶೇಷ. 1915ರಲ್ಲಿ ಹರಿದ್ವಾರದ ಸ್ವಯಂಸೇವಕರನ್ನು ನಡೆಸಿದ ಹೃದಯನಾಥ ಕುಂಜ್ರೂ ಅವರೇ 1946ರಲ್ಲಿ ವಿದ್ಯಾರ್ಥಿಗಳ ಸೈನಿಕ ಶಿಕ್ಷಣದ ವಿಚಾರಕ್ಕಾಗಿ ನೇಮಕವಾದ ಸಮಿತಿಯ ಅಧ್ಯಕ್ಷರಾದರು. ಆ ಸಮಿತಿಯ ವರದಿಯಿಂದ 1948ರ ಶಾಸನವೂ, ಶಾಸನದಿಂದ ಎನ್. ಸಿ. ಸಿ. ಎಂಬ ರಾಷ್ಟ್ರೀಯ ಛಾತ್ರ ಸೇನೆಯೂ ಹುಟ್ಟಿದುವು.

ಸೇವೆಯ ಧಾರೆಯನ್ನು ಕಾಲೇಜಿಗೆ ತರುವ ಯತ್ನವು ಅದೇ ಕಾಲಕ್ಕೆ ಮೊದಲಾಯಿತು. ಒಮ್ಮೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು (1948–49) ರಾಷ್ಟ್ರೀಯ ಸೇವೆಯು ವಿದ್ಯಾಸಂಸ್ಥೆಗಳಲ್ಲಿ ಐಚ್ಛಿಕವಾಗಿ ಬರಬೇಕೆಂದು ಸೂಚಿಸಿತು. 1950ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಲಿಯು ಇದನ್ನು ಪರಾಮರ್ಶಿಸಿ, ವಿದ್ಯಾರ್ಥಿಗಳು ತಾವಾಗಿ ಮೈದುಡಿಮೆಗೆ ಕೆಲಮಟ್ಟಿಗೆ ಕಾಲವನ್ನು ಕೊಡಬೇಕು, ಅಧ್ಯಾಪಕರೂ ಅವರೊಡನೆ ಸೇರಬೇಕು ಎಂದಿತು. ಮೊದಲನೆಯ ಪಂಚವಾರ್ಷಿಕ ಯೋಜನೆಯು ಒಂದು ವರ್ಷದ ಸೇವೆಯ ಮಾತನ್ನೆತ್ತಿತು. ಶ್ರಮಶಿಬಿರಗಳು ಅಲ್ಲಲ್ಲಿ ನಡೆದುವು.

ಕಡ್ಡಾಯದ ಗಾಳಿ ಬೀಸತೊಡಗಿದ್ದು 1958ರಲ್ಲಿ. ಹಿಂದೆ ಸೇವಾದಳದ ಅಧ್ಯಕ್ಷರಾಗಿದ್ದ ನೆಹರು ಅವರು ಈಗ ಪ್ರಧಾನಮಂತ್ರಿಗಳಾಗಿ ಮುಖ್ಯಮಂತ್ರಿಗಳಿಗೆ ಬರೆದ ಪತ್ರದಲ್ಲಿ, ಪದವಿಯನ್ನು ಪಡೆಯುವುದಕ್ಕೆ ಸಮಾಜಸೇವೆಯನ್ನು ಪೂರ್ವನಿಯಮವನ್ನಾಗಿ ಮಾಡಬಹುದೇ ಎಂಬ ಆಲೋಚನೆಯನ್ನು ಮುಂದಿಟ್ಟರು. 1959ರಲ್ಲಿ ಶಿಕ್ಷಣ ಸಚಿವರ ಸಮ್ಮೇಳನವು ಅವಸರದ ಅಗತ್ಯವನ್ನು ಏಕಕಂಠವಾಗಿ ಒಪ್ಪಿತು; ವಿವರಗಳನ್ನು ಗೊತ್ತುಮಾಡಲು ಚಿಂತಾಮಣಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಏರ್ಪಟ್ಟಿತು. ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿಗೆ ಸೇರಬಯಸುವ ಪ್ರತಿಯೊಬ್ಬನೂ ಒಂಬತ್ತು ತಿಂಗಳಿನಿಂದ ಒಂದು ವರ್ಷದವರೆಗೆ ರಾಷ್ಟ್ರೀಯ ಸೇವೆಯನ್ನು ಕಡ್ಡಾಯವಾಗಿ ಸಲ್ಲಿಸತಕ್ಕದ್ದೆಂದೂ, ಅದರಲ್ಲಿ ಕೆಲಮಟ್ಟಿನ ಸೈನಿಕ ಶಿಕ್ಷಣ, ಸಮಾಜಸೇವೆ, ಮೈದುಡಿಮೆ, ಸಾಮಾನ್ಯಜ್ಞಾನ ಇವು ಸೇರಿರಬೇಕೆಂದೂ ಆ ಸಮಿತಿಯು ತೀರ್ಮಾನಿಸಿತು. ಎರಡು ಧಾರೆಗಳನ್ನು ಒಂದೇ ಕಾಲುವೆಗೆ ತಿರುಗಿಸುವ ಯತ್ನವಿದು. ವೆಚ್ಚದ ಭಾರ, ನಡೆಸುವ ತೊಡಕು ಇವುಗಳ ಕಾರಣದಿಂದ ಅದು ಕೈಗೂಡಲಿಲ್ಲ. ಮರುವರ್ಷ, 1960ರಲ್ಲಿ, ಶಿಕ್ಷಣತಜ್ಞ ಕೆ. ಜಿ. ಸೈಯಿದೈನ್ ಅವರು ಹಲವು ದೇಶಗಳ ಯುವಜನಸೇವೆಯ ಪದ್ಧತಿಗಳನ್ನು ಪರಿಶೀಲಿಸಿ, ಐಚ್ಛಿಕವಾಗಿಯೇ ಆರಂಭಿಸಿ ಸಾಧ್ಯವಾದಷ್ಟು ವಿಸ್ತರಿಸಬೇಕೆಂದು ವರದಿಯಿತ್ತರು.

ದೇಶಮುಖ್ ಸಮಿತಿಯ ಮಾತು ಕಾಗದದ ಮೇಲೆ ಉಳಿದರೂ ಕಡ್ಡಾಯವು ಬೇರೊಂದು ಬಾಗಿಲಿನಿಂದ ಒಳಹೊಕ್ಕಿತು. 1962ರ ಚೀನಾ ಆಕ್ರಮಣದ ತರುವಾಯ 1963ರಲ್ಲಿ ಎನ್. ಸಿ. ಸಿ. ತರಬೇತಿಯು ಕಾಲೇಜಿನ ಗಂಡುಮಕ್ಕಳಿಗೆಲ್ಲ ಕಡ್ಡಾಯವಾಯಿತು. ರಣರಂಗದ ಭೀತಿ ಹಸಿಯಾಗಿರುವಾಗ ಇದನ್ನು ತಪ್ಪೆನ್ನಲಾಗದು. ಆದರೆ ಭೀತಿಯು ಆರಿದ ಮೇಲೂ ನಿಯಮವು ನಿಂತಾಗ ಶಸ್ತ್ರಗಳು, ಶಿಕ್ಷಕರು, ಮೈದಾನಗಳು, ಉತ್ಸಾಹ ಎಲ್ಲವೂ ಸಂಖ್ಯೆಗೆ ಸಾಲದಾದುವು. 1968ರಲ್ಲಿ ಕಡ್ಡಾಯವನ್ನು ತೆಗೆದುಹಾಕಲಾಯಿತು. ಅಷ್ಟರಲ್ಲಿ ಕೊಠಾರಿ ಆಯೋಗವು (1964–66) ಎಲ್ಲ ಹಂತದ ವಿದ್ಯಾರ್ಥಿಗಳಿಗೂ ಯಾವುದಾದರೊಂದು ಬಗೆಯ ಸಮಾಜಸೇವೆಯ ಸಂಬಂಧವಿರಬೇಕೆಂದಿತ್ತು. 1967ರ ಏಪ್ರಿಲಿನಲ್ಲಿ ಶಿಕ್ಷಣ ಸಚಿವರ ಸಮ್ಮೇಳನವು ವಿದ್ಯಾರ್ಥಿಯು ಎನ್. ಸಿ. ಸಿ.ಯನ್ನಾದರೂ ಸೇರಬಹುದು, ಅದರ ಬದಲಿಗೆ ರಾಷ್ಟ್ರೀಯ ಸೇವಾ ಯೋಜನೆಯನ್ನಾದರೂ ಸೇರಬಹುದು, ಕ್ರೀಡೆಯಲ್ಲಿ ನಿಪುಣರಾದವರಿಗೆ ಬೇರೆ ವ್ಯವಸ್ಥೆಯಿರಲಿ ಎಂದು ದಾರಿಗಳನ್ನು ಬೇರ್ಪಡಿಸಿತು. 1967ರ ಸೆಪ್ಟೆಂಬರಿನ ಕುಲಪತಿಗಳ ಸಮ್ಮೇಳನವು ಇದನ್ನು ಸ್ವಾಗತಿಸಿತು. ನಾಲ್ಕನೆಯ ಯೋಜನೆಯ ಅವಧಿಗೆ 5 ಕೋಟಿ ರೂಪಾಯಿಗಳು ಮಂಜೂರಾದುವು. ಹರಿದ್ವಾರದಿಂದ ಹೊರಟ ನೀರು ಹೀಗೆ ಐವತ್ತನಾಲ್ಕು ವರ್ಷಗಳ ಮೇಲೆ ಕವಾಯತಿನ ನೀರಿನಿಂದ ಬೇರೆಯಾಗಿ ತನ್ನ ಹೆಸರಿನಿಂದ ಕಾಲೇಜನ್ನು ಹೊಕ್ಕಿತು.

ಯೋಜನೆಯ ಲಾಂಛನವು ಕೊಣಾರ್ಕದ ಸೂರ್ಯದೇವಾಲಯದ ರಥಚಕ್ರ. ಅದರ ಎಂಟು ದಂಡಗಳು ದಿನದ 24 ಗಂಟೆಗಳನ್ನು ಸೂಚಿಸುತ್ತವೆಂದು ಹೇಳಲಾಗುತ್ತದೆ. ಎಂಟು ಯಾಮಗಳಿಂದ ಒಂದು ಅಹೋರಾತ್ರವೆಂಬ ಹಳೆಯ ಗಣನೆಯನ್ನು ಬಲ್ಲವರಿಗೆ ಇದು ಸಹಜವಾಗಿ ತೋರುವುದು. ಆ ದೇವಾಲಯವನ್ನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ನರಸಿಂಹದೇವನು ಪೂರ್ವಗಂಗ ವಂಶದವನು. ಆ ವಂಶದ ತಾಮ್ರಶಾಸನಗಳು ತಮ್ಮ ಪೂರ್ವಿಕರನ್ನು ಗಂಗವಾಡಿಯ ಕೋಲಾಹಲಪುರಕ್ಕೆ, ಎಂದರೆ ಕೋಲಾರಕ್ಕೆ, ಒಯ್ದು ಮುಟ್ಟಿಸುತ್ತವೆ. ಇದು ಪ್ರಾಸಂಗಿಕ. ಹೆಚ್ಚು ವಿಚಾರಾರ್ಹವಾದುದು ಯೋಜನೆಯ ಧ್ಯೇಯವಾಕ್ಯ. ‘ನಾನಲ್ಲ, ನೀನು’ ಎಂಬ ಅರ್ಥದ ಇಂಗ್ಲಿಷ್ ಮಾತು ಕನ್ನಡಕ್ಕೆ ಬರುವಾಗ ‘ನನಗಲ್ಲ ನಿನಗೆ’ ಎಂದಾಯಿತು. ಚತುರ್ಥೀ ವಿಭಕ್ತಿಯೊಂದು ಸೇರಿದ್ದರಿಂದ ಮಾತಿನ ಸ್ವರೂಪವೇ ಬದಲಾಯಿತು. ದಾನಕ್ಕೆ ಸಲ್ಲುವ ವಿಭಕ್ತಿ ಅದು. ಹವಿಸ್ಸನ್ನು ಅಗ್ನಿಗೆ ಹಾಕುವಾಗ ಇದು ಇಂಥ ದೇವತೆಗೆ, ತನ್ನದಲ್ಲ ಎಂದು ಯಜಮಾನನು ಹೇಳುವ ತ್ಯಾಗವಾಕ್ಯದ ವಿನ್ಯಾಸವೂ ಹೀಗೆಯೇ ಇದೆ. ಯಜಮಾನನು ತಾನೇ ಉಚ್ಚರಿಸಿದ ಹೊರತು ಆ ತ್ಯಾಗವು ತ್ಯಾಗವೆನಿಸದು.

ಸಂಘವನ್ನು ಕಟ್ಟುವ ಕ್ರಮ ಹೀಗಿದೆ. ಸಾಮಾನ್ಯವಾಗಿ 100 ಸ್ವಯಂಸೇವಕರಿಗೆ ಒಂದು ಘಟಕ; ಅದಕ್ಕೆ ಅಧ್ಯಾಪಕರಲ್ಲೊಬ್ಬರು ಕಾರ್ಯಕ್ರಮಾಧಿಕಾರಿ; ಕಾಲೇಜಿನ ಸಮೀಪದ ಒಂದು ಹಳ್ಳಿಯನ್ನೋ ಕೊಳೆಗೇರಿಯನ್ನೋ ಆ ಘಟಕವು ದತ್ತು ತೆಗೆದುಕೊಳ್ಳತಕ್ಕದ್ದು. ಒಬ್ಬೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸಬೇಕು. ರಜೆಯಲ್ಲಿ ದತ್ತುಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರವಿರುತ್ತದೆ. ಆರಂಭದ ದಶಕದಲ್ಲಿ ಈ ಶಿಬಿರಗಳು ದೇಶದ ಕಷ್ಟಗಳಿಗೆ ನೇರವಾಗಿ ಹೊಂದಿಕೊಂಡಿದ್ದುವು: ಮಹಾರಾಷ್ಟ್ರ ಮೈಸೂರು ಪ್ರಾಂತಗಳು ಮಳೆಯಿಲ್ಲದೆ ಒಣಗಿದ್ದ 1973ರಲ್ಲಿ ಬರಗಾಲವನ್ನು ಎದುರಿಸುವುದೇ ಯುವಜನರ ಶಿಬಿರಗಳ ವಿಷಯವಾಗಿತ್ತು, ಮುಂದೆ ಕೊಳೆ ಮತ್ತು ರೋಗಗಳ ನಿವಾರಣೆ, ವನಸಂವರ್ಧನ, ಗ್ರಾಮಪುನರ್ರಚನೆ ಇವು ಬಂದುವು. 1899ರಂತೆ ಆಗಲೂ ಕೆಲಸಕ್ಕೆ ಮುಂಚೆ ಕಷ್ಟವು ಕಣ್ಣೆದುರಿಗಿತ್ತು. ಸ್ವಯಂಸೇವಕರ ಸಂಖ್ಯೆಯು ಕಾಲಕ್ರಮದಲ್ಲಿ ಬೆಳೆದು ಸುಮಾರು 40 ಲಕ್ಷವನ್ನು ಮುಟ್ಟಿತು. ಕೇಂದ್ರವೂ ರಾಜ್ಯಗಳೂ ಬಹುತೇಕ ಕಡೆ 7:5ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಿದ್ದ ವೆಚ್ಚವನ್ನು 2016ರ ಏಪ್ರಿಲಿನಿಂದ ಕೇಂದ್ರವೇ ವಹಿಸಿಕೊಂಡಿತು.

ಗಂಟೆಗಳ ಈ ಲೆಕ್ಕವೇ ಯೋಜನೆಯ ಬಲವೂ ಹೌದು, ದೌರ್ಬಲ್ಯವೂ ಹೌದು. ಲೆಕ್ಕವಿಲ್ಲದಿದ್ದರೆ ಉತ್ಸಾಹವು ಎರಡು ಭಾನುವಾರಗಳಲ್ಲಿ ತೀರಿಹೋಗುವುದು. ಲೆಕ್ಕವೇ ಗುರಿಯಾದರೋ ಪ್ರಮಾಣಪತ್ರಕ್ಕಾಗಿ ಹಾಜರಿ ಹಾಕಿಸಿಕೊಂಡು ಕಾಲೇಜಿನ ಅಂಗಳದ ಹುಲ್ಲನ್ನೇ ವರ್ಷವರ್ಷವೂ ಕಿತ್ತು 240ನ್ನು ತುಂಬಿಸುವ ಘಟಕಗಳು ಹುಟ್ಟುವುವು. ಅಂತಹ ಕೆಲಸಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ. ಅದನ್ನು ಮೇಲೆ ಹೇಳಿದೆ. ಅಂಕಗಳ ಆಸೆಯನ್ನು ಸೇರಿಸಿದರೆ ಮನುವು ನಿಂದಿಸಿದ ಸೇವೆಯ ಕಡೆಗೆ, ಪದವಿಯನ್ನು ತಡೆಹಿಡಿಯುವ ಬೆದರಿಕೆಯನ್ನು ಸೇರಿಸಿದರೆ ವಿಷ್ಟಿಯ ಕಡೆಗೆ ಅದು ವಾಲುತ್ತದೆ. ಈ ಎರಡಕ್ಕೂ ಬೀಳದಂತೆ ನಡುವೆ ಹಿಡಿದು ನಿಲ್ಲಿಸಬೇಕಾದವನು ಘಟಕದ ಅಧ್ಯಾಪಕನೊಬ್ಬನೇ. ಅಧ್ಯಾಪಕರೂ ವಿದ್ಯಾರ್ಥಿಗಳೊಡನೆ ದುಡಿಯಬೇಕೆಂದು 1950ರ ಸಲಹಾ ಮಂಡಲಿಯು ಹೇಳಿದ್ದು ಈ ದೃಷ್ಟಿಯಿಂದ ದೂರದರ್ಶಿಯಾದ ಮಾತು. ಆದರೆ ಆ ಅಧ್ಯಾಪಕನಿಗೆ ತನ್ನ ಪಾಠಗಳಿವೆ, ಉತ್ತರಪತ್ರಿಕೆಗಳಿವೆ. ನೂರು ಮಂದಿಯ ಗಂಟೆಗಳನ್ನು ಬರೆದಿಡುವ ದಿನಚರಿಯೂ, ಶಿಬಿರದ ಅಕ್ಕಿಬೇಳೆಯ ಲೆಕ್ಕವೂ ಅವನ ಮೇಜಿನ ಮೇಲೆಯೇ ಬಂದು ಬೀಳುತ್ತವೆ. ಘಟಕವು ಗುಡಿಸಲು ಹೊರಟ ಓಣಿಯಲ್ಲಿ ಮೊದಲ ಪೊರಕೆಯನ್ನು ಹಿಡಿಯುವಷ್ಟು ಬಿಡುವು ಅವನಿಗೆ ಉಳಿದಿದೆಯೇ ಎಂಬುದನ್ನು ಹೊಸದಾಗಿ ಘಟಕವನ್ನು ತೆರೆಯುವ ಕಾಲೇಜು ಮೊದಲೇ ನೋಡಿಕೊಳ್ಳತಕ್ಕದ್ದು.